ಲೆಕ್ಕಕ್ಕೆ ಸಿಗದ ವಿಮಾನ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆ ಕೊಡಿಸಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಚಿಂತೆ ನಮಗೆ ಒದಗಿತು. ಪಂಪ ರನ್ನರನ್ನು ಕುರಿತು, ಶಿವಶರಣರ ವಚನಗಳನ್ನು ಕುರಿತು, ದಾಸರ ಪದಗಳನ್ನು ಕುರಿತು ನಮಗಿಂತ ಬಲ್ಲವರು ಈ ವೇದಿಕೆಯಿಂದ ಮಾತನಾಡಿದ್ದಾರೆ, ಮುಂದೆಯೂ ಮಾತನಾಡಲಿದ್ದಾರೆ. ನಾವು ಇಂದು ಹೇಳಹೊರಟಿರುವುದು ಒಂದು ಹಳೆಯ ವಿಮಾನದ ಕಥೆಯನ್ನು. ಕನ್ನಡ ಸಂಘದ ಸಭೆಗೂ ವಿಮಾನಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವುಂಟು. ಅದನ್ನು ಕಡೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಅಲ್ಲಿಯವರೆಗೆ ದಯಮಾಡಿ ತಾಳ್ಮೆಯಿಂದ ಆಲಿಸಬೇಕೆಂದು ಬೇಡುತ್ತೇವೆ.

ಆಕಾಶದಲ್ಲಿ ವಿಮಾನ ಹಾರಿದರೆ ಮಕ್ಕಳು ಅಂಗಳಕ್ಕೆ ಓಡಿಬಂದು ತಲೆಯೆತ್ತಿ ನೋಡುತ್ತಾರೆ. ಅದರೊಳಗೆ ಜನರು ಕುಳಿತಿರುತ್ತಾರೆಂದೇ ಎಲ್ಲರ ಭಾವನೆ. ಆದರೆ ನಡುರಾತ್ರಿ ನಾವೆಲ್ಲ ಮಲಗಿರುವಾಗ ನಮ್ಮ ನೆತ್ತಿಯ ಮೇಲೆ ಹಾದುಹೋಗುವ ಎಷ್ಟೋ ವಿಮಾನಗಳಲ್ಲಿ ಒಬ್ಬ ಪ್ರಯಾಣಿಕನೂ ಇರುವುದಿಲ್ಲ. ಅಂಚೆಯ ಚೀಲಗಳು, ಔಷಧದ ಪೆಟ್ಟಿಗೆಗಳು, ಯಂತ್ರದ ಬಿಡಿಭಾಗಗಳು, ಹೂವು ಹಣ್ಣುಗಳು ಅವುಗಳಲ್ಲಿ ಪಯಣಿಸುತ್ತವೆ. ಇಂತಹ ಸರಕು ವಿಮಾನಗಳಲ್ಲಿ ಹೆಚ್ಚಿನವು ಹೊಸದಾಗಿ ಕಟ್ಟಿದವಲ್ಲ. ಹದಿನೈದು ಇಪ್ಪತ್ತು ವರ್ಷಗಳ ಕಾಲ ಜನರನ್ನು ಹೊತ್ತು, ಹಲವು ಕೈಗಳಲ್ಲಿ ಬಾಡಿಗೆಗೆ ದುಡಿದು, ವಯಸ್ಸಾದ ಮೇಲೆ ಆಸನಗಳನ್ನು ಕಳಚಿಸಿಕೊಂಡು ಹೊರೆ ಹೊರುವ ಕೆಲಸಕ್ಕೆ ಇಳಿದವು. ನಮ್ಮ ರೈತಬಂಧುಗಳಿಗೆ ಇದು ತಿಳಿಯದ ಸಂಗತಿಯಲ್ಲ. ಎಳೆಯ ಹೋರಿ ಮೊದಲು ಬಂಡಿಯ ಓಟಕ್ಕೆ ಬೀಳುತ್ತದೆ. ಬಲಿತ ಮೇಲೆ ನೇಗಿಲಿಗೆ. ಕಾಲು ಸೋತ ಮೇಲೆ ಹಿಂದಿನ ಕಾಲದಲ್ಲಿ ಗಾಣಕ್ಕೆ. ಹೊಲದಲ್ಲಿ ಓಡಲಾರದ ಎತ್ತು ಗಾಣದ ಸುತ್ತ ಇನ್ನೂ ಹಲವು ವರ್ಷ ಎಣ್ಣೆ ತೆಗೆಯುತ್ತಿತ್ತು.

ನಾವು ಹೇಳಬೇಕೆಂದಿರುವ ವಿಮಾನದ ಗುರುತು ವಿಟಿ-ಇಎಚ್‌ಎಚ್. ವಾಹನಕ್ಕೆ ನಂಬರು ಇರುವಂತೆ ಪ್ರತಿಯೊಂದು ವಿಮಾನಕ್ಕೂ ಇಂತಹ ಅಕ್ಷರದ ಗುರುತು ಇರುತ್ತದೆ. ಭಾರತದಲ್ಲಿ ನೋಂದಣಿಯಾದ ವಿಮಾನಗಳೆಲ್ಲವೂ ವಿಟಿ ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ಇದು ಅಮೆರಿಕದ ಬೋಯಿಂಗ್ ಕಾರ್ಖಾನೆಯ 737-200 ಎಂಬ ಮಾದರಿಯದು. 737 ಜಾತಿಯ ಮೊದಲ ವಿಮಾನ ಹಾರಿದುದು 1967ರ ಏಪ್ರಿಲ್ 9ರಂದು. ಅದರ 200 ಎಂಬ ಮಾದರಿಯ ಸಾವಿರಕ್ಕೂ ಹೆಚ್ಚು ವಿಮಾನಗಳು 1988ರವರೆಗೆ ತಯಾರಾದವು. ಸುಮಾರು ನೂರು ಅಡಿ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ ತೊಂಬತ್ತಮೂರು ಅಡಿ, ರೆಕ್ಕೆಗಳ ಕೆಳಗೆ ಸಣ್ಣ ಪೀಪಾಯಿಗಳನ್ನು ಉದ್ದುದ್ದಕ್ಕೆ ಮಲಗಿಸಿದಂತೆ ಎರಡು ಇಂಜಿನುಗಳು. ಅದರ ಸದ್ದು ಬಹಳ, ಎಣ್ಣೆಯ ದಾಹವೂ ಬಹಳ, ಆದರೆ ಗಟ್ಟಿಮುಟ್ಟು. ಒಡಲು ನೆಲಕ್ಕೆ ಹತ್ತಿರವಿದ್ದುದರಿಂದ ಸಣ್ಣ ಊರಿನ ನಿಲ್ದಾಣಗಳಲ್ಲಿ ಏಣಿ ಸಲಕರಣೆಗಳು ಕಡಿಮೆಯಿದ್ದರೂ ಜನರನ್ನು ಹತ್ತಿಸಿ ಇಳಿಸಬಹುದಾಗಿತ್ತು, ಸಾಮಾನನ್ನು ಕೈಯಿಂದಲೇ ತುಂಬಬಹುದಾಗಿತ್ತು. ಕೆನಡಾ ದೇಶದ ಉತ್ತರದ ಹಿಮಪ್ರದೇಶದಲ್ಲಿ ಜಲ್ಲಿ ಹಾಸಿದ ಓಡುದಾರಿಗಳ ಮೇಲೆ ಈ ಮಾದರಿಯ ವಿಮಾನಗಳು ತೀರ ಇತ್ತೀಚಿನ ವರ್ಷಗಳವರೆಗೂ ದುಡಿದಿವೆ.

ವಿಟಿ-ಇಎಚ್‌ಎಚ್ ನಮ್ಮ ದೇಶದ ಸೇವೆಗೆ ಸೇರಿದುದು 1982ನೆಯ ಇಸವಿಯ ಸೆಪ್ಟೆಂಬರಿನಲ್ಲಿ. ಅದನ್ನು ಕೊಂಡದ್ದು ಇಂಡಿಯನ್ ಏರ್‌ಲೈನ್ಸ್. ಈ ಸಂಸ್ಥೆಯ ಹುಟ್ಟನ್ನು ಇಲ್ಲಿ ಒಂದು ಮಾತಿನಲ್ಲಿ ನೆನೆಯಬೇಕು. ದೇಶದ ಎಂಟು ಖಾಸಗಿ ವಿಮಾನ ಕಂಪನಿಗಳನ್ನು ಒಂದುಗೂಡಿಸಿ, ಸಂಸತ್ತಿನ ಶಾಸನದ ಮೂಲಕ 1953ರ ಆಗಸ್ಟ್ 1ರಂದು ಅದು ಕಾರ್ಯಾರಂಭ ಮಾಡಿತು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾಗಿ, ನಮ್ಮ ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಈಚೆ ಉಳಿದುವು. ಬಳ್ಳಾರಿ ಮೈಸೂರಿಗೆ ಸೇರಿತು. ಎರಡು ತಿಂಗಳ ಅಂತರದಲ್ಲಿ ಒಂದು ಕೂಡಿಕೆ, ಒಂದು ಅಗಲಿಕೆ. ಈ ಮಾತನ್ನು ಮುಂದೆ ಮತ್ತೊಮ್ಮೆ ನೆನಪಿಸುವೆವು.

ಹೊಸತಾಗಿ ಬಂದ ವಿಮಾನ ನೂರಕ್ಕೂ ಹೆಚ್ಚು ಜನರನ್ನು ಕೂರಿಸಿಕೊಂಡು ಸುಮಾರು ಹದಿನೈದೂವರೆ ವರ್ಷ ದೇಶದ ಒಳದಾರಿಗಳಲ್ಲಿ ಓಡಾಡಿತು. ವಿಮಾನಯಾನವೆಂದರೆ ಇನ್ನೂ ದೊಡ್ಡವರ ಸಂಗತಿಯಾಗಿದ್ದ ಕಾಲವದು. 1998ರ ಫೆಬ್ರವರಿಯಲ್ಲಿ ಅದನ್ನು ಅಲಯನ್ಸ್ ಏರ್ ಎಂಬ ಸಂಸ್ಥೆಗೆ ಗುತ್ತಿಗೆಗೆ ಕೊಡಲಾಯಿತು. ಅಲಯನ್ಸ್ ಏರ್ 1996ರಲ್ಲಿ ಇಂಡಿಯನ್ ಏರ್‌ಲೈನ್ಸ್ ತಾನೇ ಹುಟ್ಟುಹಾಕಿದ ಮರಿಸಂಸ್ಥೆ. ಹಿರಿಯಣ್ಣ ಹೊಸ ಏರ್‌ಬಸ್ ವಿಮಾನಗಳನ್ನು ಹಾರಿಸುತ್ತಿದ್ದಾಗ, ಹಳೆಯ 737ಗಳು ತಮ್ಮನ ಪಾಲಿಗೆ ಬಂದುವು.

ಗುತ್ತಿಗೆ ಎಂಬ ಮಾತು ಬಂದುದರಿಂದ ಅದರ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ವಿಮಾನ ಹಾರಿಸುವವರೆಲ್ಲರೂ ವಿಮಾನದ ಒಡೆಯರೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇಂದು ಜಗತ್ತಿನ ವಿಮಾನ ಕಂಪನಿಗಳು ಹಾರಿಸುವ ವಿಮಾನಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಬಾಡಿಗೆಯವೇ. ಹೊಲ ಒಬ್ಬರದು, ಉಳುವವರು ಮತ್ತೊಬ್ಬರು ಎಂಬಂತೆ. ಅಮೆರಿಕದಲ್ಲಿ 1973ರಲ್ಲಿ ಸ್ಟೀವನ್ ಉಡ್ವಾರ್-ಹೇಜಿ ಎಂಬಾತನೂ ಗೊಂಡಾ ಮನೆತನದ ತಂದೆಮಗನೂ ಸೇರಿ ಇಂತಹ ವ್ಯವಹಾರವನ್ನು ಆರಂಭಿಸಿದರು. 1975ರಲ್ಲಿ ಐರ್ಲೆಂಡಿನ ಶ್ಯಾನನ್ ಊರಿನಲ್ಲಿ ಟೋನಿ ರಯಾನ್ ಎಂಬಾತ ಮತ್ತೊಂದನ್ನು ಆರಂಭಿಸಿದನು. ಅಲ್ಲಿಂದೀಚೆಗೆ ಅದು ಒಂದು ಮಹೋದ್ಯಮವಾಗಿ ಬೆಳೆಯಿತು. ಬಾಡಿಗೆಯಲ್ಲಿಯೂ ಎರಡು ಬಗೆ. ಬರಿಯ ವಿಮಾನವನ್ನು ಪಡೆದು, ಚಾಲಕರನ್ನೂ ದುರಸ್ತಿಯನ್ನೂ ತಾನೇ ನೋಡಿಕೊಳ್ಳುವುದು ಒಂದು. ಗಾಡಿಯೊಡನೆ ಎತ್ತು, ಗಾಡಿಯಾಳು ಎಲ್ಲವೂ ಬಂದಂತೆ ಚಾಲಕರು, ದುರಸ್ತಿ, ವಿಮೆ ಸಹಿತವಾಗಿ ಪಡೆಯುವುದು ಇನ್ನೊಂದು. ಯಾವ ಬಗೆಯಾದರೂ ಒಂದು ಕಟ್ಟುಪಾಡು ತಪ್ಪದು: ವಿಮಾನ ಮರಳಿ ಬರುವಾಗ ಅದರೊಡನೆ ಅದರ ದಾಖಲೆಗಳೂ ಬರಬೇಕು. ಯಾವ ಭಾಗವನ್ನು ಯಾವ ದಿನ ಬದಲಿಸಿದರು, ಯಾರು ಪರೀಕ್ಷಿಸಿ ರುಜು ಹಾಕಿದರು, ಎಷ್ಟು ಸಲ ಹಾರಿತು, ಎಷ್ಟು ಗಂಟೆ ಹಾರಿತು ಎಂಬುದೆಲ್ಲವೂ ಕಾಗದದ ಮೇಲಿರಬೇಕು. ದಾಖಲೆ ಕಳೆದ ವಿಮಾನದ ಬಿಡಿಭಾಗಕ್ಕೆ ಹಳೆಯ ಕಬ್ಬಿಣದ ಬೆಲೆಯೇ ಹೊರತು ಮತ್ತೇನೂ ಇಲ್ಲ. ಆ ಭಾಗ ಎಷ್ಟೇ ಚೆನ್ನಾಗಿರಲಿ, ಅದು ಚೆನ್ನಾಗಿದೆಯೆಂದು ಹೇಳುವ ಕಾಗದವಿಲ್ಲದಿದ್ದರೆ ಯಾರೂ ಅದನ್ನು ಆಕಾಶಕ್ಕೆ ಏರಿಸುವುದಿಲ್ಲ.

ವಿಮಾನದ ವಯಸ್ಸನ್ನು ವರ್ಷಗಳಲ್ಲಿ ಎಣಿಸುವುದು ಸಾಲದು ಎಂಬುದನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ಮೂವತ್ತು ಸಾವಿರ ಅಡಿಗಳ ಎತ್ತರದಲ್ಲಿ ಗಾಳಿ ಬಹಳ ತೆಳುವು. ಅಲ್ಲಿ ಮನುಷ್ಯ ಉಸಿರಾಡಲಾರ. ಆದಕಾರಣ ವಿಮಾನದ ಒಡಲಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಪ್ರತಿಯೊಂದು ಹಾರಾಟದಲ್ಲಿಯೂ ಒಡಲು ಬಲೂನಿನಂತೆ ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಒಂದು ತಂತಿಯನ್ನು ಹತ್ತು ಸಲ ಬಗ್ಗಿಸಿ ನೆಟ್ಟಗೆ ಮಾಡಿದರೆ ಹನ್ನೊಂದನೆಯ ಸಲ ಮುರಿಯುವುದನ್ನು ಮಕ್ಕಳು ಬಲ್ಲರು. ಲೋಹಕ್ಕೂ ದಣಿವುಂಟು. ದೂರದ ದೇಶಗಳಿಗೆ ದಿನಕ್ಕೊಮ್ಮೆ ಹಾರುವ ವಿಮಾನಕ್ಕಿಂತ, ದಿನಕ್ಕೆ ಎಂಟು ಹತ್ತು ಸಲ ಏರಿ ಇಳಿಯುವ ಚಿಕ್ಕ ವಿಮಾನ ಬೇಗ ದಣಿಯುತ್ತದೆ.

ಈ ಸತ್ಯವನ್ನು ಜಗತ್ತಿಗೆ ಕಲಿಸಿದುದೂ ಒಂದು 737-200ವೇ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ಹೀಲೋದಿಂದ ಹೊನೊಲುಲುವಿಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸಿನ ವಿಮಾನದ ಮುಂಭಾಗದ ಮೇಲ್ಚಾವಣಿ 24,000 ಅಡಿಗಳ ಎತ್ತರದಲ್ಲಿ ಕಿತ್ತುಹೋಯಿತು. ಪ್ರಯಾಣಿಕರು ಬರಿಯ ಆಕಾಶದ ಕೆಳಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದರು. ಒಬ್ಬ ಪರಿಚಾರಿಕೆ ಗಾಳಿಯ ಪಾಲಾದಳು. ಚಾಲಕರು ಆ ಸ್ಥಿತಿಯಲ್ಲಿಯೂ ಮಾವಿ ದ್ವೀಪದಲ್ಲಿ ವಿಮಾನವನ್ನು ಇಳಿಸಿ ಉಳಿದವರೆಲ್ಲರ ಪ್ರಾಣವನ್ನು ಕಾಪಾಡಿದರು. ಆ ವಿಮಾನದ ವಯಸ್ಸು ಹತ್ತೊಂಬತ್ತು ವರ್ಷ; ಆದರೆ ಅದು ಮಾಡಿದ್ದ ಹಾರಾಟಗಳು 89,680. ಕಡಲ ಉಪ್ಪುಗಾಳಿಯೂ ಸೇರಿ, ರಿವೆಟ್ಟುಗಳ ಸಾಲಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದುವು. ಅಂದಿನಿಂದ ಹಳೆಯ ವಿಮಾನಗಳ ಪರೀಕ್ಷೆಗೆ ಹೊಸ ಕಟ್ಟಳೆಗಳು ಬಂದುವು. ನಿಗದಿಯಾದ ವರ್ಷಗಳಿಗೊಮ್ಮೆ ವಿಮಾನವನ್ನು ಎಲುಬು ಕಾಣುವಂತೆ ಬಿಚ್ಚಿ, ಒಂದೊಂದು ಕೀಲನ್ನೂ ಪರೀಕ್ಷಿಸಿ ಮತ್ತೆ ಜೋಡಿಸುವ ಕ್ರಮ ಇನ್ನಷ್ಟು ಬಿಗಿಯಾಯಿತು. ಹಾಗೆ ನೋಡಿಕೊಂಡರೆ ವಿಮಾನ ನಲವತ್ತು ವರ್ಷ ಬಾಳಬಲ್ಲುದು. ನೋಡಿಕೊಳ್ಳದಿದ್ದರೆ ಹತ್ತೊಂಬತ್ತಕ್ಕೇ ಅಪಾಯ.

ನಮ್ಮ ಕಥಾನಾಯಕನಿಗೂ ಒಂದು ದುಃಖದ ನೆನಪುಂಟು. 2000ನೆಯ ಇಸವಿಯ ಜುಲೈ 17ರಂದು ಅಲಯನ್ಸ್ ಏರ್‌ನದೇ ಮತ್ತೊಂದು 737-200, ಅಂದರೆ ನಮ್ಮ ವಿಮಾನದ ಒಡಹುಟ್ಟು, ಪಾಟ್ನಾ ನಗರದಲ್ಲಿ ಇಳಿಯುವ ವೇಳೆಗೆ ವಸತಿಯ ಮೇಲೆ ಬಿದ್ದು ಅರವತ್ತು ಜನರು ಮಡಿದರು. ವಿಚಾರಣೆಯಲ್ಲಿ ಹಾರಾಟದ ತಪ್ಪೇ ಕಾರಣವೆಂದು ತೀರ್ಮಾನವಾಯಿತಾದರೂ, ಹಳೆಯ ವಿಮಾನಗಳಲ್ಲಿ ಜನರನ್ನು ಕೂರಿಸಬಹುದೆ ಎಂಬ ಚರ್ಚೆ ದೇಶದಲ್ಲೆಲ್ಲ ಎದ್ದಿತು. ಕ್ರಮೇಣ ಈ ಮಾದರಿಯ ವಿಮಾನಗಳನ್ನು ಪ್ರಯಾಣಿಕರ ಸೇವೆಯಿಂದ ಹಿಂತೆಗೆಯಲಾಯಿತು. ಒಂಬತ್ತು ವರ್ಷಕ್ಕೂ ಮೀರಿದ ಗುತ್ತಿಗೆಯ ದುಡಿಮೆಯನ್ನು ಮುಗಿಸಿ ವಿಟಿ-ಇಎಚ್‌ಎಚ್ 2007ರ ಜುಲೈನಲ್ಲಿ ತನ್ನ ಮೂಲ ಒಡೆಯರಲ್ಲಿಗೆ ಮರಳಿತು. ಮರಳಿದುದು ಸರಕು ವಿಮಾನವಾಗಿ.

ಜನರ ವಿಮಾನವನ್ನು ಸರಕಿನ ವಿಮಾನವಾಗಿ ಪರಿವರ್ತಿಸುವುದೆಂದರೆ ಆಸನಗಳನ್ನು ಕಿತ್ತು ಮೂಟೆ ತುಂಬುವುದೆಂದು ತಿಳಿಯಬಾರದು. ಸಾಮಾನ್ಯವಾಗಿ ಮಾಡುವ ಕೆಲಸ ಹೀಗಿರುತ್ತದೆ. ಒಡಲಿನ ಎಡಮಗ್ಗುಲಲ್ಲಿ, ಮುಂಭಾಗದಲ್ಲಿ, ಎತ್ತಿನ ಗಾಡಿಯೊಂದು ನುಗ್ಗುವಷ್ಟು ಅಗಲದ ಬಾಗಿಲನ್ನು ಕೊರೆಯುತ್ತಾರೆ. ಚಿಪ್ಪಿನಲ್ಲಿ ಕಿಂಡಿ ಮಾಡಿದರೆ ಚಿಪ್ಪಿನ ಬಲವೇ ಕುಂದುತ್ತದೆ. ಆದುದರಿಂದ ಬಾಗಿಲಿನ ಸುತ್ತ ಹೊಸ ಚೌಕಟ್ಟನ್ನು ಕೂಡಿಸಿ ಕಳೆದ ಬಲವನ್ನು ತುಂಬಬೇಕಾಗುತ್ತದೆ. ಜನರ ಭಾರಕ್ಕೆ ಕಟ್ಟಿದ ನೆಲವನ್ನು ಹೊರೆಯ ಭಾರಕ್ಕೆ ಬಲಪಡಿಸುತ್ತಾರೆ. ಕಿಟಕಿಗಳಿಗೆ ತಗಡು ಮುಚ್ಚುತ್ತಾರೆ. ಹೊರೆಯ ಹಲಗೆಗಳು ಉರುಳಿಬರುವಂತೆ ನೆಲದಲ್ಲಿ ಉರುಳೆಗಳನ್ನೂ, ಅವು ಅಲುಗದಂತೆ ಕಚ್ಚಿಹಿಡಿಯುವ ಕೊಕ್ಕೆಗಳನ್ನೂ ಕೂಡಿಸುತ್ತಾರೆ. ಹೊಗೆಯ ಸುಳಿವು ಕೊಡುವ ಯಂತ್ರಗಳನ್ನು ಇಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ಚಾಲಕರ ಕೋಣೆಯ ಹಿಂದಿನ ತಡೆ. ಎದುರಿನಿಂದ ಬಲವಾದ ಪೆಟ್ಟು ಬಿದ್ದಾಗ ಹೊರೆಯೆಲ್ಲ ಮುನ್ನುಗ್ಗಿ ಚಾಲಕರ ಮೇಲೆ ಬೀಳದಂತೆ, ಆ ಹೊರೆಯ ತೂಕದ ಒಂಬತ್ತು ಪಟ್ಟು ಒತ್ತಡವನ್ನು ತಡೆಯಬಲ್ಲಂತೆ ಅದನ್ನು ರಚಿಸಿರುತ್ತಾರೆ. ಇಷ್ಟಾದ ಮೇಲೆ ಈ ಗಾತ್ರದ ವಿಮಾನ ಸುಮಾರು 15 ಟನ್ನಿನಷ್ಟು ಸರಕನ್ನು ಹೊರಬಲ್ಲುದು.

ಹೊರೆ ಕಟ್ಟುವುದೂ ಒಂದು ವಿದ್ಯೆ. ಹುಲ್ಲಿನ ಬಂಡಿಯನ್ನು ಸರಿಯಾಗಿ ಹೇರಿ ಮಿಣಿ ಬಿಗಿಯದಿದ್ದರೆ ಇಳಿಜಾರಿನಲ್ಲಿ ಏನಾಗುವುದೆಂಬುದನ್ನು ನಾವೆಲ್ಲ ಕಂಡಿದ್ದೇವೆ. 2013ರ ಏಪ್ರಿಲ್ 29ರಂದು ಆಫ್ಘಾನಿಸ್ಥಾನದ ಬಗ್ರಾಮಿನಲ್ಲಿ ಒಂದು ದೊಡ್ಡ 747 ಸರಕು ವಿಮಾನ ಮೇಲೇರಿದ ಕ್ಷಣದಲ್ಲಿಯೇ ನೆಲಕ್ಕಪ್ಪಳಿಸಿ ಅದರಲ್ಲಿದ್ದ ಏಳು ಮಂದಿಯೂ ತೀರಿಕೊಂಡರು. ಅದೂ ಹಿಂದೆ ಪ್ರಯಾಣಿಕರನ್ನು ಹೊತ್ತು, ಬಳಿಕ ಮಾರ್ಪಾಡಾದ ವಿಮಾನವೇ. ತಪ್ಪು ಮಾರ್ಪಾಡಿನದಾಗಿರಲಿಲ್ಲ, ಕಟ್ಟಿದ್ದ ಭಾರಿ ಸೈನಿಕ ವಾಹನವೊಂದು ಕಟ್ಟು ಬಿಚ್ಚಿಕೊಂಡು ಹಿಂದಕ್ಕೆ ಸರಿದು, ಬಾಲದ ಭಾಗದ ಯಂತ್ರವನ್ನು ಮುರಿದಿತ್ತು. ಹೊರೆಯ ಕೆಲಸವನ್ನು ಕೀಳೆಂದು ಬಗೆಯುವವರು ಈ ಒಂದು ಘಟನೆಯನ್ನು ನೆನೆದರೆ ಸಾಕು.

ಹಳೆಯ ವಿಮಾನವನ್ನು ಇಷ್ಟು ಖರ್ಚುಮಾಡಿ ದುಡಿಸುವುದರಲ್ಲಿ ಲಾಭವೇನೆಂದು ವ್ಯಾಪಾರಿ ಮಿತ್ರರು ಕೇಳಬಹುದು. ಲೆಕ್ಕ ಸುಲಭವಾದುದು. ಹೊಸ ವಿಮಾನಕ್ಕೆ ಸುರಿದ ಬಂಡವಾಳ ದೊಡ್ಡದು. ಅದು ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾರದಿದ್ದರೆ ಬಡ್ಡಿಯೂ ಹುಟ್ಟದು. ಅಂಚೆ ಮತ್ತು ಪಾರ್ಸೆಲಿನ ವಿಮಾನವಾದರೋ ಸಂಜೆ ತುಂಬಿಕೊಂಡು, ರಾತ್ರಿ ಎರಡು ಮೂರು ಗಂಟೆ ಹಾರಿ, ಹಗಲೆಲ್ಲ ನಿಂತಿರುತ್ತದೆ. ಅಂತಹ ಕೆಲಸಕ್ಕೆ ಕೊಂಡ ಬೆಲೆ ಕಡಿಮೆಯಿರುವ ಹಳೆಯ ವಿಮಾನವೇ ತಕ್ಕದು. ಎಣ್ಣೆ ಹೆಚ್ಚು ಕುಡಿದರೂ ಹಾರುವ ಗಂಟೆಗಳು ಕಡಿಮೆಯಾದುದರಿಂದ ಒಟ್ಟು ಲೆಕ್ಕದಲ್ಲಿ ನಷ್ಟವಿಲ್ಲ. ಹೆಟ್ಟಿಗೆಗೆ ಪೇಟೆಯ ಕುದುರೆಯನ್ನು ಹೂಡುವವರು ಯಾರು? 2020ರ ಮಹಾಮಾರಿಯ ದಿನಗಳಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ನಿಂತಾಗ, ಸರಕು ವಿಮಾನಗಳು ಮಾತ್ರ ಹಗಲಿರುಳು ಔಷಧಗಳನ್ನು ಹೊತ್ತುದೂ, ಅವು ಸಾಲದೆ ಪ್ರಯಾಣಿಕರ ಆಸನಗಳ ಮೇಲೆಯೇ ಪೆಟ್ಟಿಗೆಗಳನ್ನು ಕಟ್ಟಿ ಸಾಗಿಸಿದುದೂ ನಮಗೆಲ್ಲ ನೆನಪಿದೆ.

ವಿಟಿ-ಇಎಚ್‌ಎಚ್ ತನ್ನ ಕಡೆಯ ದುಡಿಮೆಯಲ್ಲಿ ಭಾರತೀಯ ಅಂಚೆಯ ಬಣ್ಣವನ್ನು ತೊಟ್ಟಿತ್ತು. ಅದೇ 2007ರಲ್ಲಿ ಅಂಚೆ ಇಲಾಖೆ ಈಶಾನ್ಯ ರಾಜ್ಯಗಳಿಗೆಂದು ಪ್ರತ್ಯೇಕ ಅಂಚೆ ವಿಮಾನದ ಏರ್ಪಾಡು ಮಾಡಿತ್ತು. ಅಂಚೆಗೂ ವಿಮಾನಕ್ಕೂ ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಮಿಕ್ಕ ನಂಟು. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಅಲಹಾಬಾದಿನಿಂದ ನೈನಿಗೆ ಸುಮಾರು ಆರೂವರೆ ಸಾವಿರ ಕಾಗದಗಳನ್ನು ಹೊತ್ತು ಹಾರಿದನು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂಟಿ ಇಂಜಿನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಅದನ್ನು ಮದರಾಸಿಗೆ ಒಯ್ದವನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಆತನ ದಾರಿ ಯಾವುದು ಬಲ್ಲಿರಾ? ನಮ್ಮ ಬಳ್ಳಾರಿಯ ಮೇಲೆ! ಆ ಅಂಚೆ ವಿಮಾನ ಮಾರ್ಗದ ನಾಲ್ಕಾರು ನಿಲ್ದಾಣಗಳಲ್ಲಿ ಬಳ್ಳಾರಿ ಒಂದು. ಆಗ ನಾವೂ ಬಳ್ಳಾರಿ ಜಿಲ್ಲೆಯವರೇ.

ಸ್ವಾತಂತ್ರ್ಯ ಬಂದ ಮೇಲೆ 1949ರ ಜನವರಿಯಲ್ಲಿ ಇರುಳಂಚೆಯ ವಿಮಾನಗಳು ಆರಂಭವಾದುವು. ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಕೂಡಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಿನೊಳಗೆ ಮರಳುತ್ತಿದ್ದುವು. ಅವುಗಳಲ್ಲಿ ದುಡಿದ ಡಕೋಟಾ ಜಾತಿಯ ವಿಮಾನಗಳ ಕಥೆ ನಮ್ಮ ಕಥೆಗೆ ಕನ್ನಡಿ ಹಿಡಿದಂತಿದೆ. ಯುದ್ಧಕಾಲದಲ್ಲಿ ಸೈನಿಕರನ್ನೂ ಸಾಮಗ್ರಿಯನ್ನೂ ಹೊತ್ತು, ಯುದ್ಧ ಮುಗಿದ ಮೇಲೆ ಬೇಡವಾಗಿ ಉಳಿದ ಡಕೋಟಾಗಳನ್ನು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಕೆಲಸಗಾರರು ಬಿಚ್ಚಿ, ತೊಳೆದು, ಆಸನ ಕೂಡಿಸಿ ನಾಗರಿಕ ವಿಮಾನಗಳನ್ನಾಗಿ ಮಾಡಿಕೊಟ್ಟರು. ಹೊರೆಯ ವಿಮಾನ ಅಲ್ಲಿ ಜನರ ವಿಮಾನವಾಯಿತು. ಇಲ್ಲಿ ಜನರ ವಿಮಾನ ಹೊರೆಯದಾಯಿತು.

ಈಗ ಕಥೆಯ ವಿಚಿತ್ರ ಭಾಗಕ್ಕೆ ಬರುತ್ತೇವೆ. 2007ರಲ್ಲಿಯೇ ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ ಒಂದಾಗುವ ಕಾರ್ಯ ಮೊದಲಾಯಿತು. 2012ರಲ್ಲಿ ವಿಟಿ-ಇಎಚ್‌ಎಚ್ ಕೋಲ್ಕತ್ತದ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ನಿಂತಿತು. ಮೂವತ್ತು ವರ್ಷಗಳ ದುಡಿಮೆ ಮುಗಿಯಿತು. ಸಂಸ್ಥೆಗಳು ಕೂಡಿದವು, ಅಧಿಕಾರಿಗಳು ಬದಲಾದರು, ಕಚೇರಿಗಳು ಸ್ಥಳಾಂತರಗೊಂಡವು. ಈ ನಡುವೆ ನೂರಡಿ ಉದ್ದದ ಆ ವಿಮಾನ ಒಡೆಯರ ಪುಸ್ತಕದಿಂದ ಮೆಲ್ಲನೆ ಜಾರಿಹೋಯಿತು. ಆಸ್ತಿಪಟ್ಟಿಯಲ್ಲಿ ಅದಿಲ್ಲ, ಸವಕಳಿಯ ಲೆಕ್ಕದಲ್ಲಿಲ್ಲ, ವಿಮೆಯ ಲೆಕ್ಕದಲ್ಲಿಲ್ಲ. 2022ರ ಜನವರಿಯಲ್ಲಿ ಸರ್ಕಾರ ಏರ್ ಇಂಡಿಯಾವನ್ನು ಟಾಟಾ ಸಂಸ್ಥೆಗೆ ಒಪ್ಪಿಸಿದಾಗ ಒಂದೊಂದು ಆಸ್ತಿಯನ್ನೂ ಬೆಲೆಕಟ್ಟಿ ಎಣಿಸಿದರು. ಆ ಎಣಿಕೆಗೂ ಅದು ಸಿಗಲಿಲ್ಲ. ಮಳೆಬಿಸಿಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ಹದಿಮೂರು ವರ್ಷ ಅದು ನಿಂತೇ ಇತ್ತು.

ನಿಲ್ದಾಣದವರ ಪುಸ್ತಕದಲ್ಲಿ ಮಾತ್ರ ಅದು ಬದುಕಿತ್ತು. ಜಾಗದ ಬಾಡಿಗೆಯನ್ನು ಅವರು ಬರೆಯುತ್ತಲೇ ಇದ್ದರು. ಅದು ಸುಮಾರು ಒಂದು ಕೋಟಿ ರೂಪಾಯಿಯವರೆಗೆ ಏರಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ನಿಮ್ಮ ವಿಮಾನವನ್ನು ಇಲ್ಲಿಂದ ತೆಗೆಯಿರೆಂದು ನಿಲ್ದಾಣದವರು ಕೇಳಿಕೊಂಡಾಗಲೇ, ಇದು ತಮ್ಮದೆಂಬುದು ಒಡೆಯರ ಅರಿವಿಗೆ ಬಂದುದು. ಹಳೆಯ ವಿಮಾನವನ್ನು ಮಾರುವುದು ಹೊಸತಲ್ಲ, ತಮ್ಮದೆಂದೇ ಗೊತ್ತಿರದ ವಿಮಾನವನ್ನು ಮಾರುವುದು ಹೊಸತೆಂದು ಸಂಸ್ಥೆಯ ಮುಖ್ಯಸ್ಥರೇ ತಮ್ಮ ನೌಕರರಿಗೆ ಬರೆದರು. ತಪ್ಪನ್ನು ಮುಚ್ಚಿಡದೆ ಹೇಳಿದ ಆ ದೊಡ್ಡತನವನ್ನು ಮೆಚ್ಚಬೇಕು.

2025ರ ನವೆಂಬರ್ 14ರಂದು ಆ ವಿಮಾನ ಕೋಲ್ಕತ್ತದ ನಿಲ್ದಾಣವನ್ನು ಬಿಟ್ಟಿತು; ಆಕಾಶಮಾರ್ಗದಲ್ಲಲ್ಲ, ಬಹುಚಕ್ರದ ಉದ್ದನೆಯ ಲಾರಿಯ ಮೇಲೆ. ಸುಮಾರು ಎರಡು ಸಾವಿರ ಕಿಲೋಮೀಟರು ರಸ್ತೆಯಲ್ಲಿ ಸಾಗಿ ಅದು ಸೇರಬೇಕಾಗಿದ್ದ ಊರು ನಮ್ಮ ಬೆಂಗಳೂರು. ಅಲ್ಲಿ ಅದಕ್ಕೆ ಗೊತ್ತಾದ ಕೆಲಸ ವಿಮಾನ ದುರಸ್ತಿಯನ್ನು ಕಲಿಯುವ ವಿದ್ಯಾರ್ಥಿಗಳಿಗೆ ಪಾಠವಾಗುವುದು. ನಲವತ್ತಮೂರು ವರ್ಷಗಳ ಬಾಳಿನಲ್ಲಿ ಮೊದಲು ಜನರನ್ನು, ಆಮೇಲೆ ಕಾಗದಪತ್ರಗಳನ್ನು, ಕಡೆಗೆ ವಿದ್ಯೆಯನ್ನು ಹೊತ್ತುದು ಎಂದರೆ ತಪ್ಪಾಗದು. ಹಾರಲಾರದ ವಿಮಾನ ಹಾರಿಸುವುದನ್ನು ಕಲಿಸಲಾರದು. ಆದರೆ ಹಾರುವುದನ್ನು ಕಾಪಾಡುವುದು ಹೇಗೆಂದು ಕಲಿಸಬಲ್ಲುದು.

ಮಹನೀಯರೆ, ಈ ಕಥೆಯನ್ನು ಕೇಳಿ ನಗುವುದು ಸುಲಭ. ನಾವೂ ಮೊದಲು ನಕ್ಕೆವು. ನಕ್ಕ ಮೇಲೆ ನಮ್ಮ ನಗೆ ನಮ್ಮ ಮೇಲೆಯೇ ತಿರುಗಿತು. ಅದನ್ನು ಈ ಸಭೆಯಲ್ಲಿ ಬಿನ್ನವಿಸುವುದಕ್ಕಾಗಿಯೇ ನಾವು ವಿಮಾನವನ್ನು ಹತ್ತಿದುದು.

ವಿಮಾನ ಮರೆತುಹೋದುದು ಅದು ಕಳೆದುಹೋದುದರಿಂದಲ್ಲ. ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವಾಗ ಬರೆದುಕೊಳ್ಳದುದರಿಂದ. ಒಪ್ಪಿಸಿದವರು ಪಡೆದವರಿಗೆ ತಿಳಿದಿರುವುದೆಂದುಕೊಂಡರು. ಪಡೆದವರು ಪಟ್ಟಿಯಲ್ಲಿರುವುದಷ್ಟೇ ತಮ್ಮದೆಂದುಕೊಂಡರು. ನಮ್ಮ ಸೀಮೆಯೂ ಹೀಗೆಯೇ ಕೈಯಿಂದ ಕೈಗೆ ಬಂದುದಲ್ಲವೆ? ಮದರಾಸು ಪ್ರಾಂತ, ಬಳಿಕ 1953ರಲ್ಲಿ ಆಂಧ್ರ ರಾಜ್ಯ, 1956ರಲ್ಲಿ ಆಂಧ್ರ ಪ್ರದೇಶ. ಕೈ ಬದಲಾದಾಗಲೆಲ್ಲ ಪುಸ್ತಕ ಬದಲಾಯಿತು, ಪುಸ್ತಕದ ಲಿಪಿ ಬದಲಾಯಿತು. ನಾವು ಇಲ್ಲಿಯೇ ಇದ್ದೆವು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದೆವು. ಆದರೆ ಇರುವುದು ಬೇರೆ, ಪಟ್ಟಿಯಲ್ಲಿರುವುದು ಬೇರೆ. ಇದರಲ್ಲಿ ಪರರನ್ನು ದೂರುವ ಇಚ್ಛೆ ನಮಗಿಲ್ಲ. ದೂರಬೇಕಾದುದು ನಮ್ಮನ್ನೇ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಬ್ಬ ಹೆಣ್ಣುಮಗಳು ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಲು ಬಯಸಿದಳು. ಗಡಿನಾಡ ಕನ್ನಡಿಗರ ಮಕ್ಕಳಿಗೆ ಅಲ್ಲಿಯ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಅವಕಾಶವುಂಟು. ಅದಕ್ಕೆ ಈ ಸೀಮೆಯಲ್ಲಿಯೇ ಓದಿದುದಕ್ಕೆ ಶಾಲೆಯ ದಾಖಲೆ ಬೇಕು. ಆಕೆ ಮೊದಲ ತರಗತಿಗಳನ್ನು ಓದಿದ್ದ ಕನ್ನಡ ಶಾಲೆ ಮಕ್ಕಳ ಸಂಖ್ಯೆ ಕುಗ್ಗಿ ಮುಚ್ಚಿಹೋಗಿತ್ತು. ಅದರ ದಾಖಲಾತಿ ಪುಸ್ತಕ ಎಲ್ಲಿಯೂ ದೊರೆಯಲಿಲ್ಲ. ತಂದೆ ಕಚೇರಿಯಿಂದ ಕಚೇರಿಗೆ ಅಲೆದರು. ನಮ್ಮ ಬಳಿಗೂ ಬಂದರು. ನಮಗೆ ತಿಳಿಯದೆಂದು ಹೇಳಿ ಕಳುಹಿಸಿದೆವು. ದಿನ ಮೀರಿತು. ಆಕೆ ಬೇರೆ ದಾರಿ ಹಿಡಿದಳು. ಎರಡು ತಿಂಗಳ ತರುವಾಯ ಸಂಘದ ಕೊಠಡಿಗೆ ಸುಣ್ಣ ಹೊಡೆಸಲೆಂದು ಸಾಮಾನು ಸರಿಸಿದಾಗ, ನಾಟಕದ ಪರದೆಗಳ ಕೆಳಗಿದ್ದ ಹಳೆಯ ಟ್ರಂಕಿನಲ್ಲಿ ಆ ಪುಸ್ತಕ ಸಿಕ್ಕಿತು. ಶಾಲೆ ಮುಚ್ಚಿದ ದಿನ ಅಲ್ಲಿಯ ಹಿರಿಯ ಉಪಾಧ್ಯಾಯರು ಭದ್ರವಾಗಿರಲೆಂದು ನಮ್ಮ ಸಂಘಕ್ಕೆ ತಂದು ಒಪ್ಪಿಸಿದ್ದರು. ಒಪ್ಪಿಸಿಕೊಂಡವರು ನಾವು. ಬರೆದಿಟ್ಟುಕೊಳ್ಳದವರೂ ನಾವೇ. ಆ ಮಗುವಿನ ಹೆಸರು, ಹು‌ಟ್ಟಿದ ದಿನ, ಮಾತೃಭಾಷೆ ಕನ್ನಡವೆಂಬ ಬರಹ ಎಲ್ಲವೂ ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿತ್ತು. ನೂರಡಿ ವಿಮಾನವನ್ನು ಮರೆತವರನ್ನು ಕಂಡು ನಗುವ ಹಕ್ಕು ನಮಗೆಲ್ಲಿಯದು?

ಆದಕಾರಣ ಈ ವಾರ್ಷಿಕೋತ್ಸವದಲ್ಲಿ ಹಾರತುರಾಯಿಗಳಿಗಿಂತ ಮಿಗಿಲಾಗಿ ಮೂರು ಕೆಲಸಗಳನ್ನು ಸಂಘ ಕೈಗೊಳ್ಳಬೇಕೆಂದು ವಿಜ್ಞಾಪಿಸುತ್ತೇವೆ. ಮೊದಲನೆಯದು, ಸಂಘದ ಬಳಿಯಿರುವ ಪುಸ್ತಕ, ಪತ್ರ, ಚಿತ್ರ, ಪಾತ್ರೆಪಡಗ ಎಲ್ಲಕ್ಕೂ ಒಂದು ಪಟ್ಟಿ. ವರ್ಷಕ್ಕೊಮ್ಮೆ ಹೊಸ ಮಂಡಲಿ ಅಧಿಕಾರ ವಹಿಸುವಾಗ ಆ ಪಟ್ಟಿಯನ್ನು ಹಳಬರೂ ಹೊಸಬರೂ ಎದುರೆದುರು ಕುಳಿತು ಓದಿ ರುಜು ಹಾಕುವುದು. ಎರಡನೆಯದು, ಈ ಸೀಮೆಯ ಕನ್ನಡ ಶಾಲೆಗಳಲ್ಲಿ, ತೆರೆದಿರುವುದಾಗಲಿ ಮುಚ್ಚಿರುವುದಾಗಲಿ, ಓದಿದ ಮಕ್ಕಳ ದಾಖಲೆಗಳ ನಕಲನ್ನು ಮನೆಮನೆಗೆ ಹೋಗಿ ಕೂಡಿಹಾಕುವುದು. ಮೂರನೆಯದು, ಮುಂದಿನ ಜನಗಣತಿಯವರು ಬಾಗಿಲಿಗೆ ಬಂದು ಮನೆಮಾತು ಯಾವುದೆಂದು ಕೇಳಿದಾಗ, ಸಂಕೋಚವಿಲ್ಲದೆ ಕನ್ನಡವೆಂದು ಹೇಳಿ, ಬರೆದುದನ್ನು ಕಣ್ಣಾರೆ ನೋಡುವುದು.

ವಿದ್ಯಾರ್ಥಿ ಮಿತ್ರರಿಗೆ ಕಡೆಯದಾಗಿ ಒಂದು ಮಾತು. ವಿಮಾನ ಹಾರಿಸುವವರು ಮಾತ್ರ ವಿಮಾನದವರಲ್ಲ. ಅದನ್ನು ಬಿಚ್ಚಿ ಜೋಡಿಸುವವರು, ಬಿರುಕನ್ನು ಹುಡುಕುವವರು, ಹೊರೆಯನ್ನು ತೂಗಿ ಕಟ್ಟುವವರು, ಲೆಕ್ಕ ಬರೆಯುವವರು ಎಲ್ಲರೂ ಸೇರಿದರೇ ಅದು ಮೇಲೇಳುವುದು. ಇವೆಲ್ಲವೂ ಕಲಿಯಬಹುದಾದ ವಿದ್ಯೆಗಳು. ಕನ್ನಡ ಶಾಲೆಯಲ್ಲಿ ಓದಿದ ಮಗು ಕಲಿಯಲಾರದಂತಹವು ಇವುಗಳಲ್ಲಿ ಒಂದೂ ಇಲ್ಲ. ನಿಮ್ಮಲ್ಲಿ ಯಾರಾದರೂ ಮುಂದೆ ಬೆಂಗಳೂರಿನಲ್ಲಿ ಈ ವಿದ್ಯೆಯನ್ನು ಕಲಿಯಲು ಹೋದರೆ, ನಡುವೆ ನಿಂತ ಒಂದು ಹಳೆಯ 737ನ್ನು ಕಾಣಬಹುದು. ಅದರ ಒಡಲನ್ನು ಒಮ್ಮೆ ಕೈಯಿಂದ ತಡವಿ, ರಾಯದುರ್ಗದವರು ನಿನ್ನ ಕಥೆಯನ್ನು ಬಲ್ಲರೆಂದು ಹೇಳಿ. ಆಮೇಲೆ ಅಲ್ಲಿಯ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಸರಿಯಾಗಿ ಬರೆದಿದೆಯೇ ನೋಡಿಕೊಳ್ಳಿ.